ಕಾಲಯಾನದ ಸೂಪರ್‌ಹೀರೋ ಕಾಮಿಕ್ಸ್ ವಿಮರ್ಶೆ: ನಾನು ಮಾಡುವ ಕ್ರಮ

ಗೆಳೆತನ ಮತ್ತು ಕಾಲಯಾನ ಎರಡೂ ಇರುವ ಸೂಪರ್‌ಹೀರೋ ಕಾಮಿಕ್ಸ್‌ಗೆ ಒಂದು ಓದು ಸಾಲದು. ನಾನು ಮೂರು ಸಲ ಓದುತ್ತೇನೆ. ಮೊದಲನೆಯದು ಪೆನ್ನು ಮುಟ್ಟದೆ, ಕೂತಲ್ಲಿಂದ ಏಳದೆ. ಎಲ್ಲಿ ಗೊಂದಲವಾಯಿತು, ಎಲ್ಲಿ ಗಂಟಲು ಕಟ್ಟಿತು ಎಂದು ಮುಗಿದ ಕೂಡಲೇ ನಾಲ್ಕು ಸಾಲು ಬರೆದಿಡಬೇಕು. ಕಥೆ ಗೊತ್ತಾದ ಮೇಲೆ ಆ ಅನಿಸಿಕೆ ಮತ್ತೆ ಹುಟ್ಟುವುದಿಲ್ಲ.

ಎರಡನೇ ಓದಿಗೆ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕುತ್ತೇನೆ: ಪುಟ ಸಂಖ್ಯೆ, ಕಥೆಯೊಳಗಿನ ಕಾಲ, ಆ ಹೊತ್ತಿಗೆ ಮೊದಲ ಗೆಳೆಯನಿಗೆ ಏನು ಗೊತ್ತು, ಎರಡನೆಯವನಿಗೆ ಏನು ಗೊತ್ತು. ಅಮೆರಿಕದ ಒಂದು ಸಂಚಿಕೆಯಲ್ಲಿ ಸಾಮಾನ್ಯವಾಗಿ 20ರಿಂದ 22 ಪುಟ ಕಥೆ ಇರುತ್ತದೆ, ಆರು ಸಂಚಿಕೆಯ ಕಥೆ ಎಂದರೆ 120ರಿಂದ 132 ಪುಟ. ಕಾಲ ಬದಲಾದಾಗಲೆಲ್ಲ ಒಂದು ಸಾಲು. ಕೊನೆಯ ಎರಡು ಕಾಲಂಗಳ ಮೇಲೆ ಕಣ್ಣಿಡಿ. ಒಬ್ಬನಿಗೆ ಇನ್ನೊಬ್ಬನ ಸಾವು ಮೊದಲೇ ಗೊತ್ತಿದ್ದು ಅವನ ಎದುರು ನಗಬೇಕಾಗಿ ಬಂದರೆ, ಇಡೀ ಕಥೆಯ ಜೀವ ಅಲ್ಲೇ ಇದೆ.

ಅದೇ ಹಾಳೆಯ ತಲೆಯಲ್ಲಿ ಕಾಲಯಾನದ ನಿಯಮವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಭೂತಕಾಲ ಬದಲಾಗುತ್ತದೆಯೇ, ಬದಲಾಗುವುದೇ ಇಲ್ಲವೇ, ಅಥವಾ ಬೇರೊಂದು ಕವಲು ಒಡೆಯುತ್ತದೆಯೇ? ನಿಯಮ ಹೇಳಿದ ಪುಟ ಯಾವುದೆಂದೂ ಗುರುತಿಸಿ. ಕಥೆ ಎತ್ತದ ವಿರೋಧಾಭಾಸಗಳನ್ನು ನಾವೇ ಹುಡುಕಿ ಅಂಕ ಕಳೆಯುವುದು ಸರಿಯಲ್ಲ. ಕಥೆ ತಾನೇ ಕಟ್ಟಿದ ನಿಯಮವನ್ನು ಬೆಲೆ ತೆರದೆ ಮುರಿದರೆ ಮಾತ್ರ ಅದು ದೋಷ.

2007ರಲ್ಲಿ ಶುರುವಾದ 'ಬೂಸ್ಟರ್ ಗೋಲ್ಡ್' ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. (ಹಳೆಯ ಕಥೆಯಾದ್ದರಿಂದ ಅಂತ್ಯ ಹೇಳುತ್ತಿದ್ದೇನೆ.) 25ನೇ ಶತಮಾನದಿಂದ ಬಂದ ಸೂಪರ್‌ಹೀರೋ ಬೂಸ್ಟರ್‌ಗೆ 2005ರ ಸಂಚಿಕೆಯೊಂದರಲ್ಲಿ ಗುಂಡೇಟಿಗೆ ಸತ್ತ ಗೆಳೆಯ ಟೆಡ್ ಕಾರ್ಡ್‌ನನ್ನು ಉಳಿಸುವ ಹಂಬಲ. ಐದನೇ ಸಂಚಿಕೆಯಲ್ಲಿ ಬೂಸ್ಟರ್, ಬ್ಯಾಟ್‌ಗರ್ಲ್ ಎಂಬ ನಾಯಕಿಯಾಗಿದ್ದ ಬಾರ್ಬರಾ ಗಾರ್ಡನ್‌ಗೆ ಗುಂಡು ತಗುಲದಂತೆ ತಡೆಯಲು ಮತ್ತೆ ಮತ್ತೆ ಹೋಗುತ್ತಾನೆ, ಪ್ರತಿ ಸಲವೂ ಸೋಲುತ್ತಾನೆ. ಕೆಲವು ಗಳಿಗೆಗಳು ಗಟ್ಟಿಯಾಗಿಬಿಟ್ಟಿವೆ ಎಂಬ ನಿಯಮ ಮಾತಿಗಿಂತ ಹೆಚ್ಚಾಗಿ ಏಟುಗಳಲ್ಲಿ ನಮಗೆ ತಲುಪುತ್ತದೆ. ಆಮೇಲೆ ಟೆಡ್ ಉಳಿಯುತ್ತಾನೆ. ಲೇಖಕರು ಜಾರಿಕೊಂಡರೇನೋ ಅನಿಸುತ್ತದೆ. ಆದರೆ ಅವನು ಉಳಿದಿದ್ದರಿಂದ ಜಗತ್ತೇ ಹದಗೆಡುತ್ತದೆ, ಕೊನೆಗೆ ಟೆಡ್ ತಾನಾಗಿಯೇ ತನ್ನ ಸಾವಿನ ಗಳಿಗೆಗೆ ಮರಳುತ್ತಾನೆ. ನಿಯಮವೂ ಗೆಳೆತನವೂ ಒಂದೇ ಗಂಟಿನಲ್ಲಿ ಬಿಗಿದುಕೊಳ್ಳುತ್ತವೆ. ಇಂಥ ಗಂಟು ಇದೆಯೇ ಎಂಬುದೇ ನನ್ನ ವಿಮರ್ಶೆಯ ಮುಖ್ಯ ಪ್ರಶ್ನೆ.

ಮೂರನೇ ಓದು ಚಿತ್ರಗಳಿಗೆ. ಮಾತಿನ ಬಲೂನುಗಳನ್ನು ಓದದೆ ಪುಟ ತಿರುವುತ್ತಾ ಹೋಗಿ. ಇಬ್ಬರೂ ಒಂದೇ ಪ್ಯಾನೆಲ್‌ನಲ್ಲಿ (ಪುಟದ ಒಂದು ಚಿತ್ರ ಚೌಕಟ್ಟಿನಲ್ಲಿ) ಎಷ್ಟು ಸಲ ಇದ್ದಾರೆ, ಜಗಳದ ನಂತರ ಬೇರೆ ಬೇರೆ ಪ್ಯಾನೆಲ್‌ಗೆ ಸರಿದಿದ್ದಾರೆಯೇ, ಯಾರು ಯಾರ ಕಡೆ ನೋಡುವುದನ್ನು ನಿಲ್ಲಿಸಿದರು? ಬಣ್ಣಗಳನ್ನೂ ಗಮನಿಸಿ. ಒಂದೊಂದು ಕಾಲಕ್ಕೆ ಒಂದೊಂದು ಬಣ್ಣದ ಛಾಯೆ ಇದ್ದರೆ ತಾರೀಖು ಬರೆದ ಪೆಟ್ಟಿಗೆಯಿಲ್ಲದೆಯೂ ಜಿಗಿತ ಅರ್ಥವಾಗುತ್ತದೆ. ಮೊಬೈಲ್‌ನಲ್ಲಿ ಒಂದೊಂದೇ ಪ್ಯಾನೆಲ್ ನೋಡುವವರಿಗೆ ಇದು ತಪ್ಪಿಹೋಗುತ್ತದೆ, ಹಾಗಾಗಿ ಈ ಓದು ಪೂರ್ಣ ಪುಟದಲ್ಲೇ ಆಗಬೇಕು. ಹಲವು ಸಂಚಿಕೆ ಸೇರಿಸಿದ ಸಂಕಲನದಲ್ಲಿ ಜಾಹೀರಾತು ತೆಗೆದಿರುವುದರಿಂದ ಬಲಪುಟ ಎಡಕ್ಕೆ ಬಂದು, ಪುಟ ತಿರುಗಿಸಿದಾಗ ಸಿಗಬೇಕಿದ್ದ ಅಚ್ಚರಿ ಮೊದಲೇ ಕಣ್ಣಿಗೆ ಬೀಳುವುದುಂಟು. ಅದಕ್ಕೆ ಚಿತ್ರಕಾರರನ್ನು ದೂರಬೇಡಿ.

ಬರೆಯುವಾಗ 800 ಪದಗಳಲ್ಲಿ ಕಥಾಸಾರಕ್ಕೆ 120 ದಾಟಿಸುವುದಿಲ್ಲ. ಹೊಸ ಕಾಮಿಕ್ಸ್ ಆದರೆ ಮೊದಲ ಸಂಚಿಕೆಯ ಕೊನೆಯವರೆಗಿನ ಕಥೆ ಮಾತ್ರ. ಚಿತ್ರದ ಬಗ್ಗೆ 'ಚೆನ್ನಾಗಿದೆ' ಎಂದು ಬಿಟ್ಟುಬಿಡುವುದು ನಮ್ಮಲ್ಲಿ ತೀರಾ ಹೆಚ್ಚು. ಕನಿಷ್ಠ ಒಂದು ಪುಟವನ್ನಾದರೂ ಆರಿಸಿ, ಪ್ಯಾನೆಲ್ ಪ್ಯಾನೆಲ್ ಆಗಿ ಬಿಡಿಸಿ ಹೇಳಿ. ಲೇಖಕರ ಜೊತೆಗೆ ಪೆನ್ಸಿಲ್, ಇಂಕು, ಬಣ್ಣ, ಅಕ್ಷರ ಯಾರದೆಂದು ಆರಂಭದಲ್ಲೇ ಹೆಸರಿಸಿ. ಆ ಹೆಸರುಗಳು ಸಾಮಾನ್ಯವಾಗಿ ಸಂಚಿಕೆಯ ಮೊದಲ ಪುಟಗಳಲ್ಲೇ ಸಿಗುತ್ತವೆ.