ಝೆನ್ ಕಾರಿನ ಎಡಗಡೆ ಶಾಕಪ್ ಸೋರಿದ್ದು ಯಾಕೆ

ನಮ್ಮ ಮನೆಯ 2001ರ ಮಾರುತಿ ಝೆನ್ ಕಾರಿಗೆ ಮುಂದಿನ ಎಡಗಡೆ ಶಾಕಪ್ (ಶಾಕ್ ಅಬ್ಸಾರ್ಬರ್) ಹೊಸದು ಹಾಕಿಸಿ ಒಂದು ಮಳೆಗಾಲ ಕಳೆದಿತ್ತಷ್ಟೆ. ದೀಪಾವಳಿಗೆ ಕಾರು ತೊಳೆಯಲು ಹೋದರೆ ಆ ಚಕ್ರದ ಒಳಬದಿಯಲ್ಲಿ ಎಣ್ಣೆ ಇಳಿದು, ಅದರ ಮೇಲೆ ಕೆಂಪು ಧೂಳು ಕೂತು, ಕೆಸರಿನ ಪಟ್ಟಿ ಕಟ್ಟಿತ್ತು. ಎಂಟು ತಿಂಗಳಿಗೇ ಹೋಯಿತೇ ಎಂದು ನಿಜಕ್ಕೂ ಬೇಜಾರಾಯಿತು. ಆದರೂ ಹಾಕಿಸಿದ ಗ್ಯಾರೇಜಿಗೆ ಓಡಲಿಲ್ಲ. ಈ ಸಲ ಕಾರಣ ಸಿಗುವವರೆಗೆ ನಾನೇ ನೋಡಬೇಕು ಅನ್ನಿಸಿತು.

ಚಕ್ರದ ಹತ್ತಿರ ಕಂಡ ಎಣ್ಣೆಯೆಲ್ಲ ಶಾಕಪ್ಪಿನದೇ ಆಗಿರಬೇಕೆಂದಿಲ್ಲ. ಆಕ್ಸಲ್ ಬೂಟ್, ಅಂದರೆ ಆಕ್ಸಲ್ಲಿನ ಕೀಲನ್ನು ಮುಚ್ಚುವ ರಬ್ಬರ್ ಚೀಲ, ಹರಿದಿದ್ದರೆ ಕಪ್ಪು ಗ್ರೀಸು ರಿಮ್ಮಿನ ಒಳಗೆ ಸುತ್ತಲೂ ಚಿಮ್ಮಿರುತ್ತದೆ, ಬೆರಳಿಗೆ ದಪ್ಪಗೆ ಅಂಟುತ್ತದೆ. ಬ್ರೇಕ್ ಆಯಿಲ್ ಆದರೆ ಕಾರು ಹೊರಗೆ ತೆಗೆಯಲೇಬಾರದು. ಅದು ಬಣ್ಣ ತಿನ್ನುತ್ತದೆ, ನೀರಿನಲ್ಲಿ ಬೆರೆತುಹೋಗುತ್ತದೆ, ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಮಟ್ಟವೂ ಇಳಿದಿರುತ್ತದೆ. ಶಾಕಪ್ಪಿನ ಎಣ್ಣೆ ನೀರಿಗೆ ಬೆರೆಯುವುದಿಲ್ಲ. ಎಣ್ಣೆ ತಡೆಯಲೆಂದೇ ಇರುವ ಮೇಲಿನ ಸೀಲಿನಿಂದ ಹೊರಟು ಶಾಕಪ್ಪಿನ ಕೊಳವೆಗುಂಟ ಇಳಿಯುತ್ತದೆ. ನಾನು ಎಲ್ಲ ಒರೆಸಿ ಒಣಗಿಸಿ, ಕೊಳವೆಯ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. ಎರಡು ದಿನ ತೋಟದ ರಸ್ತೆಯಲ್ಲಿ ಓಡಾಡಿ ನೋಡಿದರೆ ಪೌಡರು ಸೀಲಿನ ಬುಡದಿಂದಲೇ ಒದ್ದೆಯಾಗಿತ್ತು. ತೆಳ್ಳಗೆ ಮಂಜು ಹಿಡಿದ ಹಾಗೆ ಪಸೆ ಇದ್ದರೆ ಚಿಂತೆ ಬೇಡ. ಇದು ಹನಿಯಾಗಿ ಇಳಿಯುತ್ತಿತ್ತು.

ಬಾನೆಟ್ಟಿನ ಮೂಲೆ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಕಾರು ಅದರಲ್ಲಿ ಪಾಸಾಗಿತ್ತು! ಅರ್ಧ ಸೋತ ಶಾಕಪ್ ಕೈಯ ಒತ್ತಿಗೆ ಸಿಕ್ಕಿಬೀಳುವುದಿಲ್ಲ. ಅದಕ್ಕಿಂತ ನನಗೆ ನಂಬಿಕೆ ಬಂದದ್ದು ಬಿಸಿಯ ಮೇಲೆ. ಶಾಕಪ್ಪಿನ ಕೆಲಸವೇ ಸ್ಪ್ರಿಂಗಿನ ಕುಣಿತವನ್ನು ಎಣ್ಣೆಯ ಬಿಸಿಯಾಗಿ ಕಳೆಯುವುದು. ಶಿರಸಿಯಿಂದ ಕುಮಟಾ ಕಡೆ ಹೊರಟು, ಹೊಂಡದ ರಸ್ತೆಯಲ್ಲಿ ಹೋಗಿ ರಾಗಿಹೊಸಳ್ಳಿಯಲ್ಲಿ ನಿಲ್ಲಿಸಿ ಎರಡೂ ಕೊಳವೆ ಮುಟ್ಟಿದೆ. ಬಲಗಡೆಯದು ಚೆನ್ನಾಗಿ ಬೆಚ್ಚಗಿತ್ತು, ಎಡಗಡೆಯದು ಹೆಚ್ಚುಕಡಿಮೆ ತಣ್ಣಗೆ. ದೇವಿಮನೆ ಘಟ್ಟ ಇಳಿದ ಮೇಲೆ ಈ ಪರೀಕ್ಷೆ ಮಾಡಬೇಡಿ, ಬ್ರೇಕಿನ ಕಾವು ಅಲ್ಲೆಲ್ಲ ಹಬ್ಬಿ ಲೆಕ್ಕ ತಪ್ಪಿಸುತ್ತದೆ. ಟೈರಿನ ಮೇಲೆ ಅಂಗೈ ಆಡಿಸಿದಾಗಲೂ ಎಡಗಡೆ ಅಲೆಅಲೆಯಾಗಿ ಸವೆದಿರುವುದು ತಿಳಿಯಿತು.

ಕುಮಟಾದಲ್ಲಿ ನನಗೆ ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಕೇಳಲು ಹೋದವನಿಗೆ ಅವರು ಕೇಳಿದ್ದು ಒಂದೇ ಮಾತು: "ಹೆಗಡೇರೆ, ಸೀಲು ಹೋಗಿದ್ದು ಹೌದು. ಸೀಲನ್ನ ಕೊಯ್ದದ್ದು ಎಂತದು ಅಂತ ನೋಡಿದ್ರಾ?"

ನೋಡಿರಲಿಲ್ಲ.

ಹಿಂದಿನ ರಾತ್ರಿಯೇ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಕುಡಿಸಿಟ್ಟೆ. ಈ ಕಾರು ಆರು ವರ್ಷ ಕಾರವಾರದಲ್ಲಿ ಸಮುದ್ರದ ಗಾಳಿಗೆ ನಿಂತಿದ್ದು, ಬೋಲ್ಟುಗಳೆಲ್ಲ ಹಿಡಿದುಕೊಂಡಿದ್ದವು. ಜಾಕ್ ಒಂದನ್ನೇ ನಂಬದೆ ಚಾಸಿಗೆ ದಪ್ಪ ದಿಮ್ಮಿ ಕೊಟ್ಟೆ. ಬ್ರೇಕ್ ಪೈಪಿನ ಕ್ಲಿಪ್ ತೆಗೆದು, ಚಕ್ರದ ಗುಂಬ ಪೈಪಿನ ಮೇಲೆ ಜೋತುಬೀಳದಂತೆ ತಂತಿ ಕಟ್ಟಿ, ಕೆಳಗಿನ ಎರಡು ಬೋಲ್ಟು, ಮೇಲಿನ ನಟ್ಟುಗಳನ್ನು ಬಿಚ್ಚಿದರೆ ಸ್ಟ್ರಟ್, ಅಂದರೆ ಶಾಕಪ್ಪಿನ ಕಂಬ, ಸ್ಪ್ರಿಂಗಿನ ಸಮೇತ ಪೂರ್ತಿ ಕೈಗೆ ಬಂತು. ನಡುವಿನ ದೊಡ್ಡ ನಟ್ಟನ್ನು ಮಾತ್ರ ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಸಡಿಲವಾಗುವವರೆಗೆ ಮುಟ್ಟಲೇಬಾರದು. ಅದುಮಿಟ್ಟ ಸ್ಪ್ರಿಂಗ್ ಹಾರಿದರೆ ಮನುಷ್ಯ ಉಳಿಯುವುದು ಕಷ್ಟ.

ಬಿಚ್ಚಿದ ಮೇಲೆ ಉತ್ತರ ಕಣ್ಣೆದುರೇ ಇತ್ತು. ರಾಡಿಗೆ ಧೂಳು ತಾಗದಂತೆ ಮುಚ್ಚುವ ಡಸ್ಟ್ ಕವರ್ ಇರಲೇ ಇಲ್ಲ. ಹಳೆಯದು ಹರಿದಿತ್ತೆಂದು ಅದಿಲ್ಲದೆಯೇ ಜೋಡಿಸಿದ್ದರು. ಸೀಲಿನ ಮೂಲಕ ಕೊಳವೆಯೊಳಗೆ ಮೇಲೆ ಕೆಳಗೆ ಆಡುವ ಮಿರಮಿರ ಮಿಂಚುವ ರಾಡಿನ ಮೇಲೆ, ತುದಿಯಿಂದ ಸ್ವಲ್ಪ ಕೆಳಗೆ, ಇಕ್ಕಳದ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ನಟ್ಟು ಬಿಗಿಯುವಾಗ ರಾಡೂ ಜೊತೆಗೆ ತಿರುಗುತ್ತದೆಂದು ಯಾರೋ ಇಕ್ಕಳದಲ್ಲಿ ಕಚ್ಚಿ ಹಿಡಿದಿದ್ದಾರೆ. ಉಗುರು ಆಡಿಸಿದರೆ ಅಲ್ಲಿ ತಡೆಯುತ್ತಿತ್ತು. ಉಗುರಿಗೆ ತಾಗಿದ್ದು ಸೀಲನ್ನೂ ಕೊಯ್ಯುತ್ತದೆ. ಬರೀ ಒಬ್ಬನೇ ಹೋಗುವಾಗ ಆ ಜಾಗ ಸೀಲಿನವರೆಗೆ ಇಳಿಯುವುದಿಲ್ಲ. ಅಡಿಕೆ ಚೀಲ ತುಂಬಿ, ಎದುರು ಬಂದ ಬಸ್ಸಿಗೆ ದಾರಿ ಕೊಡಲು ಎಡಗಾಲಿಯನ್ನು ಡಾಂಬರಿನಿಂದ ಕೆಳಗಿಳಿಸಿದಾಗೆಲ್ಲ ಇಳಿದಿದೆ. ಜೊತೆಗೆ ಮಳೆಗಾಲದ ಕೆಂಪು ಕೆಸರಿನ ಹರಳು. ಹೊಸ ವಸ್ತು ಒಂದು ಇಕ್ಕಳಕ್ಕೆ ಬಲಿಯಾದದ್ದು ನೋಡಿ ಸಂಕಟವಾಯಿತು.

ಸೀಲು ಮಾತ್ರ ಬದಲಿಸಿ ಎಣ್ಣೆ ತುಂಬಿಸಿ ಕೊಡುವವರಿದ್ದಾರೆ. ಗೀರು ಬಿದ್ದ ರಾಡಿಗೆ ಅದು ದಂಡ. ಎಡ ಬಲ ಜೋಡಿಯಾಗಿ ಹೊಸ ಸ್ಟ್ರಟ್ ತಂದೆ, ಬಂಪ್ ಸ್ಟಾಪ್ (ಶಾಕಪ್ ತಳಮುಟ್ಟಿದಾಗ ಪೆಟ್ಟು ತಡೆಯುವ ಮೆತ್ತೆ) ಮತ್ತು ಡಸ್ಟ್ ಕವರ್ ಸಹಿತ. ಬಲಗಡೆಯದು ಇನ್ನೂ ಕೆಲಸ ಮಾಡುತ್ತಿತ್ತು ನಿಜ, ಆದರೆ ಒಂದು ಹೊಸತು ಒಂದು ಹಳತಾದರೆ ಬ್ರೇಕ್ ಹೊಡೆದಾಗ ಎರಡೂ ಕಡೆ ಒಂದೇ ತೆರನಾಗಿ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಅಡ್ಡ ಮಲಗಿದ್ದ ಸ್ಟ್ರಟ್ಟಿನೊಳಗೆ ಗಾಳಿ ಸೇರಿರುತ್ತದೆ, ಹಾಗಾಗಿ ನೆಟ್ಟಗೆ ನಿಲ್ಲಿಸಿ ನಾಲ್ಕಾರು ಸಲ ಪೂರ್ತಿ ಒತ್ತಿ ಎಳೆದೆ. ನಟ್ಟು ಬಿಗಿಯುವಾಗ ರಾಡಿನ ತಲೆಯನ್ನೇ ಪಾನಾದಲ್ಲಿ ಹಿಡಿದೆ; ರಾಡಿಗೆ ಇಕ್ಕಳ ಸೋಕಿಸಲಿಲ್ಲ. ಸ್ಪ್ರಿಂಗಿನ ಕೆಳತುದಿ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ಕೂತಿದೆಯೇ ಎಂದು ಎರಡೆರಡು ಸಲ ನೋಡಿದೆ. ಮರುದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಸ್ಟ್ರಟ್ ಬಿಚ್ಚಿದ ಮೇಲೆ ಅದನ್ನು ಬಿಡುವಂತಿಲ್ಲ.

ಆಮೇಲೆ ಎರಡು ಮಳೆಗಾಲ ಹೋದವು. ಮೊನ್ನೆ ಕವರ್ ಎತ್ತಿ ಬಟ್ಟೆಯಲ್ಲಿ ಒರೆಸಿದೆ, ಬಟ್ಟೆಗೆ ಹತ್ತಿದ್ದು ಒಣ ಧೂಳು ಮಾತ್ರ. ಈಗ ಹಿಂದಿನ ಬಲಗಡೆ ಶಾಕಪ್ಪಿನ ಕೆಳಗಿನ ಬುಷ್, ಅಂದರೆ ಬೋಲ್ಟಿನ ಸುತ್ತ ಕೂರುವ ರಬ್ಬರಿನ ಬಳೆ, ಟಕ್ ಟಕ್ ಅನ್ನುತ್ತಿದೆ. ಹೊಸ ಬುಷ್ ತಂದಿಟ್ಟಿದ್ದೇನೆ. ಅದರ ಬೋಲ್ಟನ್ನು ಕೊನೆಗೆ ಬಿಗಿಯುವುದು ಕಾರು ಚಕ್ರದ ಮೇಲೆ ಪೂರ್ತಿ ನಿಂತ ಮೇಲೆಯೇ. ಎತ್ತಿದಲ್ಲೇ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.