ಹಲಸಿನ ಮೇಜಿಗೆ ಬಣ್ಣ ಹೊಡೆದ ನನ್ನ ಅನುಭವ

ನಮ್ಮ ಮಾವ ಸಾಗರದಲ್ಲಿ ಹೈಸ್ಕೂಲು ಓದುವಾಗ ಅವರಿಗೆಂದು ಮಾಡಿಸಿದ್ದ ಹಲಸಿನ ಮರದ ಮೇಜು ಈಗ ಶಿವಮೊಗ್ಗದ ನಮ್ಮ ಮನೆಯಲ್ಲಿದೆ. ವಾರ್ನಿಷ್ ಕಪ್ಪಾಗಿತ್ತು. ಮೇಲೆಲ್ಲ ಇಂಕಿನ ಕಲೆ, ಬಿಸಿ ಲೋಟ ಇಟ್ಟೂ ಇಟ್ಟೂ ಬಿದ್ದ ಬಿಳಿ ಉಂಗುರಗಳು. ಮಗಳಿಗೆ ಓದಲು ಮೇಜು ಬೇಕಿತ್ತು, ತಿಳಿ ಬಣ್ಣವೇ ಆಗಬೇಕು ಅಂದಳು. ತೇಗವೋ ಬೀಟೆಯೋ ಆಗಿದ್ದರೆ ನಾನು ಒಪ್ಪುತ್ತಿರಲಿಲ್ಲ. ಅಂಥ ಮರದ ಗೆರೆಗಳನ್ನು ಬಣ್ಣದಡಿ ಮುಚ್ಚೋದು ಅನ್ಯಾಯ. ಇದರ ಹಲಗೆಗೆ ಮೂರು ಕಡೆ ತೇಪೆ ಬಿದ್ದಿತ್ತು, ಹಾಗಾಗಿ ಸರಿ ಅಂದೆ.

ವಾರ್ನಿಷ್ ಪೂರ್ತಿ ತೆಗೆದರೇ ಬಣ್ಣ ಹಿಡಿಯುತ್ತದೆ ಅಂದುಕೊಂಡು 80 ನಂಬರಿನ ಉಪ್ಪುಕಾಗದ ತಂದು ಎರಡು ಸಂಜೆ ಉಜ್ಜಿದೆ. ಅರ್ಧ ಹಲಗೆಯಲ್ಲಿ ಬರೀ ಮರ ಕಾಣಿಸಿತು, ಒಳ್ಳೇ ಹಳದಿ. ಬಣ್ಣಕ್ಕೆ ಮೊದಲು ಅಡಿಗೆ ಹೊಡೆಯುವ ಪ್ರೈಮರ್‌ನಲ್ಲಿ, ವಾಸನೆ ಕಡಿಮೆ ಅಂತ ನೀರಿನದ್ದನ್ನು ಹೊಡೆದೆ. ಬೆಳಿಗ್ಗೆ ನೋಡಿದರೆ ಬಿಳಿ ಪ್ರೈಮರ್ ಮೇಲೆ ಅರಿಶಿನದ ಕೈ ಒರೆಸಿದ ಹಾಗೆ ಮಚ್ಚೆಗಳು. ಇನ್ನೊಂದು ಕೋಟ್ ಹೊಡೆದೆ. ಮತ್ತೆ ಮೇಲೆ ಬಂತು. ಆದರೆ ವಾರ್ನಿಷ್ ಉಳಿದಿದ್ದ ಕಡೆ ಒಂದು ಚುಕ್ಕೆಯೂ ಇರಲಿಲ್ಲ.

ಪಕ್ಕದ ಬೀದಿಯ ಮರಗೆಲಸದ ಆಚಾರ್ರನ್ನು ಕರೆದು ತೋರಿಸಿದೆ. "ಹಲಸಿನ ಚೇಗು ಕುದಿಸಿದ್ರೆ ಬಟ್ಟೆಗೇ ಬಣ್ಣ ಹಿಡೀತದಮ್ಮ. ನೀವು ಅದಕ್ಕೆ ನೀರು ಕುಡಿಸಿದ್ರಿ, ಬಣ್ಣ ಬಿಡ್ತು. ವಾರ್ನಿಷ್ ತೆಗೀಬಾರ್ದು, ಅದರ ಹೊಳಪು ತೆಗೀಬೇಕು" ಅಂದರು. ನಿಜವೇ. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಲಸಿನ ಮರದಿಂದಲೇ ಬಣ್ಣ ತೆಗೆಯುತ್ತಿದ್ದರು. ಆ ಬಣ್ಣ ಮೇಲೆ ಬರದ ಹಾಗೆ ತಡೆದು ಕೂತಿದ್ದದ್ದು ಹಳೇ ವಾರ್ನಿಷ್. ನಾನು ಅದನ್ನೇ ಉಜ್ಜಿ ತೆಗೆದಿದ್ದೆ.

ಆ ತಡೆ ಮತ್ತೆ ಕೂರಿಸಲು ಆಚಾರ್ರು ಹೇಳಿದಂತೆ ಅರಗಿನ (ಶೆಲ್ಯಾಕ್) ಚೂರು ತಂದೆ. ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಹಾಕಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿದೆ. ಮಚ್ಚೆ ಬಂದ ಕಡೆ ಪ್ರೈಮರ್ ಕೆರೆದು, ಅರಗನ್ನು ಎರಡು ಸಲ ತೆಳ್ಳಗೆ ಎಳೆದೆ. ಬೇಗ ಒಣಗುತ್ತದೆ, ಬ್ರಷ್ ಹಿಂದಕ್ಕೆ ಎಳೆಯಬಾರದು. ಹತ್ತಿರ ಒಲೆ, ದೀಪ ಏನೂ ಇರಬಾರದು, ಸ್ಪಿರಿಟ್ ಅಲ್ವಾ.

ಉಳಿದ ಭಾಗವನ್ನು ವಾಷಿಂಗ್ ಸೋಡಾ ಕಲಸಿದ ನೀರಿನಲ್ಲಿ ಒರೆಸಿ, ಮತ್ತೆ ಬರೀ ನೀರಿನಲ್ಲಿ ಒರೆಸಿದೆ. ಬಟ್ಟೆಗೆ ಬಂದ ಕಂದು ಜಿಡ್ಡು ನೋಡಬೇಕಿತ್ತು! ಆ ಜಿಡ್ಡಿನ ಮೇಲೆ ಉಜ್ಜಿದರೆ ಅದನ್ನೇ ಒಳಕ್ಕೆ ತಿಕ್ಕಿದಂತೆ. ಒಣಗಿದ ಮೇಲೆ ಉಗುರಿನಲ್ಲಿ ಕೆರೆದು ನೋಡಿದೆ. ಏಳುವ ಕಡೆ ಚಾಕುವಿನಿಂದ ಕೆತ್ತಿ ತೆಗೆದು, ಗಟ್ಟಿಯಾಗಿ ಹಿಡಿದಿದ್ದ ಕಡೆ 180 ನಂಬರಿನಲ್ಲಿ ಹಗುರವಾಗಿ ಉಜ್ಜಿದೆ. ಎಷ್ಟು ಸಾಕು? ಹಲಗೆಯ ಮಟ್ಟಕ್ಕೆ ಕಣ್ಣಿಟ್ಟು ಕಿಟಕಿ ಕಡೆ ನೋಡಿ. ಕಿಟಕಿಯ ಸರಳುಗಳು ಮೇಜಿನಲ್ಲಿ ಎಲ್ಲಿ ಕಾಣುತ್ತವೋ ಅಲ್ಲಿ ಇನ್ನೂ ಹೊಳಪಿದೆ. ಎಲ್ಲ ಕಡೆ ಬೂದಿ ಬಳಿದ ಹಾಗೆ ಮಂಕಾದರೆ ನಿಲ್ಲಿಸಿ. ಪ್ರೈಮರ್ ಕಚ್ಚಿ ಹಿಡಿಯೋಕೆ ಆ ಸಣ್ಣ ಗೀರುಗಳೇ ಸಾಕು.

ಕಾಲುಗಳಲ್ಲಿ ವಾರ್ನಿಷ್ ಅಡಿ ಹಳೇ ಹಸಿರು ಬಣ್ಣವಿತ್ತು. ಅಲ್ಲಿ ಒಣದಾಗಿ ಉಜ್ಜಲಿಲ್ಲ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಬಾರದು. ವಾಟರ್ ಪೇಪರ್ ಒದ್ದೆ ಮಾಡಿಕೊಂಡು ಉಜ್ಜಿ, ಕೆಸರನ್ನು ಹಳೇ ಬಟ್ಟೆಯಲ್ಲಿ ಒರೆಸಿ ತೆಗೆದೆ.

ಆಮೇಲಿನದು ಸುಲಭ. ಆಯಿಲ್ ಪ್ರೈಮರ್ ಒಂದು ಕೋಟ್, ತಿಳಿ ನೀಲಿ ಎನಾಮಲ್ ಎರಡು ತೆಳು ಕೋಟ್, ಮಧ್ಯೆ ಒಂದೊಂದು ದಿನ ಬಿಟ್ಟು 320ರಲ್ಲಿ ಸುಮ್ನೆ ಸವರಿದ್ದು. ಡಿಸೆಂಬರ್ ಬಿಸಿಲಿತ್ತು. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಮುಟ್ಟಿದರೆ ಅಂಟುತ್ತಿಲ್ಲ ಅಂದ ಮಾತ್ರಕ್ಕೆ ಎನಾಮಲ್ ಗಟ್ಟಿಯಾಯಿತು ಅಂತಲ್ಲ. ಮೂರನೇ ದಿನ ಮಗಳು ನೋಟ್‌ಬುಕ್ ಇಟ್ಟಳು, ಸಂಜೆ ಎತ್ತಿದರೆ ರಟ್ಟಿನ ಕಾಗದ ಮೇಜಿಗೇ ಅಂಟಿತ್ತು. ಅಷ್ಟಕ್ಕೆ ಮತ್ತೆ ಬಣ್ಣ ಹೊಡೆದು, ಎರಡು ವಾರ ಯಾರೂ ಏನೂ ಇಡದ ಹಾಗೆ ನೋಡಿಕೊಂಡೆ.

ಡ್ರಾಯರಿನ ಪಕ್ಕದ ಹಲಗೆಗಳಿಗೆ ಬಣ್ಣ ಹೊಡೆದಿಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಅದರ ಮೇಲೆ ಬಣ್ಣದ ದಪ್ಪವೂ ಸೇರಿದರೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಮೇಣದಬತ್ತಿ ಉಜ್ಜಿದ್ದೇನೆ. ಎಳೆದಾಗ ಆ ಹಳದಿ ಮರ ಈಗಲೂ ಕಾಣಿಸುತ್ತದೆ.