ಸೊಪ್ಪು ನೆನೆಸಿದ ವಿನೆಗರ್ ಬೂಷ್ಟು ಹಿಡಿಯುತ್ತಿದ್ದುದು ನಿಂತ ಬಗೆ

ರೋಸ್‌ಮೆರಿ ಮತ್ತು ಥೈಮ್ ನೆನೆಸಿಟ್ಟ ವಿನೆಗರ್ ಎರಡನೆಯ ವಾರದ ಹೊತ್ತಿಗೆ ಕದಡಿ, ದ್ರವದಿಂದ ಮೇಲೆ ಚಾಚಿಕೊಂಡ ಎಲೆಗಳ ತುದಿಯಲ್ಲಿ ಬೂಷ್ಟು ಕಾಣಿಸಿಕೊಳ್ಳುತ್ತಿತ್ತು. ಮೂರು ಬಾರಿ ಇಡೀ ಜಾಡಿಯನ್ನೇ ಚೆಲ್ಲಬೇಕಾಯಿತು.

ಸೊಪ್ಪನ್ನು ಕಡಿಮೆ ಮಾಡಿದರೂ, ಜಾಡಿಯನ್ನು ಕತ್ತಲೆಯ ಕಪಾಟಿನಲ್ಲಿಟ್ಟರೂ, ದಿನಕ್ಕೊಮ್ಮೆ ಅಲುಗಾಡಿಸಿದರೂ ಪ್ರಯೋಜನವಾಗಲಿಲ್ಲ. ಉಪ್ಪು ಬೆರೆಸಿದಾಗ ರುಚಿ ಕೆಟ್ಟಿತಷ್ಟೆ.

ದೋಷವಿದ್ದುದು ತೇವದಲ್ಲಿ. ತೊಳೆದ ಸೊಪ್ಪಿನ ಸಂದುಗಳಲ್ಲಿ ಉಳಿದ ನೀರು ತನ್ನ ಸುತ್ತಲಿನ ಆಮ್ಲವನ್ನು ತೆಳುವಾಗಿಸುತ್ತದೆ. ಮುಳುಗದೆ ಉಳಿದ ಎಲೆಗೆ ಆಮ್ಲದ ರಕ್ಷಣೆಯೇ ಇರುವುದಿಲ್ಲ. ಆದ್ದರಿಂದ ನಾಲ್ಕನೆಯ ಬಾರಿ ಸೊಪ್ಪನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ, ನೆರಳಿನಲ್ಲಿ ಒಂದು ರಾತ್ರಿ ಹರಡಿದೆ. ಗಾಜಿನ ಜಾಡಿಯನ್ನು 10 ನಿಮಿಷ ಕುದಿಯುವ ನೀರಿನಲ್ಲಿಟ್ಟು, ತೆಗೆದು, ಪೂರ್ತಿ ಒಣಗಿಸಿದೆ. ಅರ್ಧ ಲೀಟರಿಗೆ ನಾಲ್ಕು ಕಡ್ಡಿಯಂತೆ ಸೊಪ್ಪನ್ನು ಹಾಕಿ, 5% ಆಮ್ಲೀಯತೆಯ ಬಿಳಿ ವಿನೆಗರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಯಲು ಬಿಡದೆ ಸುಮಾರು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಜಾಡಿ ಇನ್ನೂ ಬೆಚ್ಚಗಿರುವಾಗಲೇ ಸೊಪ್ಪು ಸಂಪೂರ್ಣ ಮುಳುಗುವಂತೆ ಸುರಿದೆ. ತಣ್ಣನೆಯ ಜಾಡಿಗೆ ಸುರಿದರೆ ಗಾಜು ಸೀಳುವ ಸಂಭವವಿದೆ. ಲೋಹದ ಮುಚ್ಚಳವನ್ನು ಆಮ್ಲ ತಿನ್ನುವುದರಿಂದ ಪ್ಲಾಸ್ಟಿಕ್ ಮುಚ್ಚಳವನ್ನೇ ಬಳಸಿದೆ.

ತಂಪಾದ ಕತ್ತಲೆಯಲ್ಲಿ ಮೂರು ವಾರ ಇಟ್ಟ ಬಳಿಕ ದ್ರವ ತಿಳಿಯಾಗಿಯೇ ಇತ್ತು. ಕಾಫಿ ಫಿಲ್ಟರ್ ಕಾಗದದಲ್ಲಿ ಎರಡು ಸಲ ಸೋಸಿ, ಸೊಪ್ಪನ್ನೆಲ್ಲ ತೆಗೆದು, ಹೊಸದಾಗಿ ಕುದಿಸಿ ಒಣಗಿಸಿದ ಸೀಸೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದೇನೆ.